ಸಹಿ ಇದೆ, ಓದಿದವರು ಯಾರು?

ಕಳೆದ ನವೆಂಬರ್‌ನಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೂತಿದ್ದೆ. ಷೇರುಪೇಟೆಯಲ್ಲಿ ಲಿಸ್ಟ್ ಆಗಿರುವ ಕಂಪನಿ. ಕಾರ್ಖಾನೆ ಬೆಂಗಳೂರಿನ ಹೊರಗಿದೆ. ನಮ್ಮ ತಂಡ ಅದರ ಆಡಿಟ್ ಮಾಡುತ್ತದೆ. ಎದುರಿಗೆ 25 ಜರ್ನಲ್ ಎಂಟ್ರಿಗಳ, ಅಂದರೆ ಲೆಕ್ಕದ ಪುಸ್ತಕಕ್ಕೆ ಹಾಕಿದ ನಮೂದುಗಳ, ಪ್ರಿಂಟ್ ಇತ್ತು. ಪ್ರತಿಯೊಂದರಲ್ಲೂ ಎಂಟ್ರಿ ಹಾಕಿದವರ ಹೆಸರು ಒಂದು, ಒಪ್ಪಿಗೆ ಕೊಟ್ಟವರ ಹೆಸರು ಇನ್ನೊಂದು. ನಿಯಮ ಕೇಳುವುದೂ ಅಷ್ಟೇ, ಹಾಕಿದವರೇ ಒಪ್ಪಬಾರದು. ನಮ್ಮಲ್ಲಿ ಆರ್ಟಿಕಲ್ಸ್, ಅಂದರೆ ಸಿಎ ತರಬೇತಿ, ಮಾಡುತ್ತಿರುವ ಹುಡುಗ ಆಗಲೇ ಇಪ್ಪತ್ತೈದಕ್ಕೂ ಟಿಕ್ ಹಾಕಿಟ್ಟಿದ್ದ.

ನನಗೆ ಏನೋ ಸಮಾಧಾನ ಆಗಲಿಲ್ಲ. ಸಿಸ್ಟಮ್‌ನಿಂದ ಒಪ್ಪಿಗೆ ಕೊಟ್ಟ ಸಮಯವನ್ನೂ ತೆಗೆಸಿ ನೋಡಿದೆ. ಅಕ್ಟೋಬರ್ 5ರ ರಾತ್ರಿ 138 ಎಂಟ್ರಿಗಳಿಗೆ 18 ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತ್ತು. ಒಂದಕ್ಕೆ ಎಂಟು ಸೆಕೆಂಡ್ ಕೂಡ ಇಲ್ಲ.

ಒಪ್ಪಿಗೆ ಕೊಟ್ಟ ಮ್ಯಾನೇಜರ್ ಪಕ್ಕದ ಕ್ಯಾಬಿನ್‌ನಲ್ಲೇ ಇದ್ದರು. ಒಳ್ಳೆಯ ಮನುಷ್ಯ. ಕೇಳಿದ ಕಾಗದ ಅದೇ ದಿನ ತರಿಸಿಕೊಡುವವರು. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಸರ್, ಈ ವರ್ಷ ನೀವು ವಾಪಸ್ ಕಳಿಸಿದ ಎಂಟ್ರಿ ಒಂದಾದರೂ ಇದ್ದರೆ ತೋರಿಸ್ತೀರಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ ಮೇಡಂ. ಅದು ಕ್ವಾರ್ಟರ್ ಕ್ಲೋಸಿಂಗ್ ರಾತ್ರಿ. ಹುಡುಗರ ಮೇಲೆ ನಂಬಿಕೆ ಇದೆ. ಒಂದೊಂದು ಬಿಲ್ ತೆಗೆದು ನೋಡೋಕೆ ಎಲ್ಲಿ ಟೈಮ್ ಇರುತ್ತೆ?"

ಆ 138 ಎಂಟ್ರಿಗಳಲ್ಲಿ ಒಂದೂ ಕಳ್ಳ ಎಂಟ್ರಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಆಮೇಲೆ ಬಿಲ್‌ಗಳನ್ನು ತೆಗೆದು ನೋಡಿದೆವು, ಲೆಕ್ಕ ಸರಿಯಾಗೇ ಇತ್ತು. ಆದರೂ ಆ ಕಂಟ್ರೋಲ್, ಅಂದರೆ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಿ ಒಪ್ಪುವ ಆ ವ್ಯವಸ್ಥೆ, ಕೆಲಸ ಮಾಡುತ್ತಿಲ್ಲ ಎಂದೇ ನಾನು ಬರೆದೆ. ಯಾಕೆ ಹಾಗೆ ಬರೆದೆ ಎಂದು ಆ ಕಂಪನಿಯಲ್ಲಿ ತುಂಬಾ ಜನ ಕೇಳಿದರು. ಮನೆಯಲ್ಲೂ ಕೇಳಿದರು. ಅದಕ್ಕೇ ಈ ಬರಹ.

ಲೆಕ್ಕ ಸರಿ ಇದೆಯಾ ಎಂದು ನೋಡುವುದು ಒಂದು ಕೆಲಸ. ಲೆಕ್ಕ ತಪ್ಪಾದರೆ ಅದನ್ನು ಹಿಡಿಯುವ ವ್ಯವಸ್ಥೆ ಕಂಪನಿಯ ಒಳಗೇ ಇದೆಯಾ ಎಂದು ನೋಡುವುದು ಬೇರೆಯೇ ಕೆಲಸ. ನಮ್ಮಲ್ಲಿ 2013ರ ಕಂಪನಿ ಕಾಯ್ದೆ ಈ ಎರಡನೆಯದನ್ನೂ ಕೇಳುತ್ತದೆ. ಲಿಸ್ಟ್ ಆದ ಕಂಪನಿಯ ನಿರ್ದೇಶಕರು, ಒಳಗಿನ ಹಣಕಾಸು ನಿಯಂತ್ರಣಗಳು ಸಾಕಷ್ಟಿವೆ, ಸರಿಯಾಗಿ ನಡೆಯುತ್ತಿವೆ ಎಂದು ವರದಿಯಲ್ಲಿ ಹೇಳಬೇಕು. ಅದು 134ನೇ ಸೆಕ್ಷನ್. 143ನೇ ಸೆಕ್ಷನ್ ಪ್ರಕಾರ ಆಡಿಟರ್ ಕೂಡ ತನ್ನ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಬರೆಯಬೇಕು. ಆಡಿಟರ್‌ಗೆ ಇದು ಕಡ್ಡಾಯವಾಗಿದ್ದು 2015-16ರ ಲೆಕ್ಕವರ್ಷದಿಂದ. ನಮ್ಮ ಆಫೀಸುಗಳಲ್ಲಿ ಇದನ್ನು ಐಎಫ್‌ಸಿ (ಇಂಟರ್ನಲ್ ಫೈನಾನ್ಷಿಯಲ್ ಕಂಟ್ರೋಲ್ಸ್) ಎನ್ನುತ್ತೇವೆ. ಅಮೆರಿಕದ ಷೇರುಪೇಟೆಯಲ್ಲೂ ಲಿಸ್ಟ್ ಆಗಿರುವ ಕಂಪನಿಗಳ ಕೆಲಸ ಮಾಡುವವರು, ಅಲ್ಲಿನ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆಯ ಹೆಸರನ್ನು ಚಿಕ್ಕದು ಮಾಡಿ, ಸಾಕ್ಸ್ ಎನ್ನುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳ ಫೈನಾನ್ಸ್ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಈ ಎರಡನೇ ಪದ ಜಾಸ್ತಿ ಪರಿಚಯ.

ಪರೀಕ್ಷೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು, ಕಂಟ್ರೋಲನ್ನು ರೂಪಿಸಿದ್ದು ಸರಿ ಇದೆಯಾ? ಕಾಗದದ ಮೇಲೆ ಬರೆದ ಹಾಗೆಯೇ ನಡೆದರೆ ತಪ್ಪು ಸಿಕ್ಕಿಬೀಳುತ್ತದಾ? ಇದಕ್ಕೆ ಒಂದು ವ್ಯವಹಾರವನ್ನು ಹಿಡಿದು ಆರಂಭದಿಂದ ಕೊನೆವರೆಗೂ ಅದರ ಹಿಂದೆ ನಡೆಯುತ್ತೇವೆ. ಖರೀದಿ ಆರ್ಡರ್, ಗೇಟಿನಲ್ಲಿ ಸರಕು ಬಂದ ಚೀಟಿ, ಬಿಲ್, ಪಾವತಿ, ಲೆಡ್ಜರ್. ಇದಕ್ಕೆ ವಾಕ್‌ಥ್ರೂ ಎನ್ನುತ್ತಾರೆ. ಎರಡನೆಯದು, ವರ್ಷವಿಡೀ ಅದು ನಿಜಕ್ಕೂ ಹಾಗೇ ನಡೆಯಿತಾ? ಇದಕ್ಕೆ ಸ್ಯಾಂಪಲ್ ತೆಗೆಯುತ್ತೇವೆ. ತಿಂಗಳಿಗೊಮ್ಮೆ ನಡೆಯುವ ಕಂಟ್ರೋಲ್‌ಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ನೋಡಿದರೆ ಸಾಕು. ದಿನಕ್ಕೆ ಹತ್ತಾರು ಸಲ ನಡೆಯುವುದಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು.

ಈ ಎರಡನೇ ಹಂತದಲ್ಲೇ ನಾವೆಲ್ಲ ಎಡವುವುದು. 25 ಸಹಿ ಇದೆಯಾ ಅಂದರೆ ಇದೆ. ಸಹಿ ಹಾಕುವಾಗ ಆ ವ್ಯಕ್ತಿ ಏನನ್ನು ನೋಡಿದ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇದನ್ನು ನಾನು ಕಲಿತಿದ್ದು ಸಿಎ ಓದುವಾಗ ಅಲ್ಲ. ಹಾಸನ ಜಿಲ್ಲೆಯ ನಮ್ಮೂರಿನ ಹಾಲಿನ ಡೈರಿಯಲ್ಲಿ. ಅಪ್ಪ ಅಲ್ಲಿ ಕಾರ್ಯದರ್ಶಿ ಆಗಿದ್ದರು. ಬೆಳಿಗ್ಗೆ ಆರಕ್ಕೆ ಜನ ಕ್ಯಾನ್ ಹಿಡಿದು ಸಾಲು ನಿಲ್ಲುತ್ತಿದ್ದರು. ಒಬ್ಬರು ಅಳೆಯುವುದು, ಇನ್ನೊಬ್ಬರು ಟೆಸ್ಟ್ ಮಾಡುವುದು, ಅಪ್ಪ ಪುಸ್ತಕದಲ್ಲಿ ಬರೆಯುವುದು. ಹಾಲು ಹಾಕಿದವರ ಕೈಲಿ ಇನ್ನೊಂದು ಚಿಕ್ಕ ಪುಸ್ತಕ. ಎರಡೂ ಪುಸ್ತಕದಲ್ಲಿ ಒಂದೇ ಸಂಖ್ಯೆ ಬರಬೇಕು. ಕೆಲಸ ಹಂಚಿದ್ದಾರೆ, ತಾಳೆ ನೋಡುವ ದಾರಿ ಇದೆ. ಇವತ್ತು ನಾನು ದೊಡ್ಡ ಕಂಪನಿಗಳಲ್ಲಿ ಹುಡುಕುವುದು ಇದನ್ನೇ.

ಒಂದು ದಿನ ದೊಡ್ಡಪ್ಪ ತಂದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಮಾಮೂಲಿಗಿಂತ ಆಳಕ್ಕೆ ಇಳಿಯಿತು. ನೀರು ಬೆರೆತಿದೆ ಎಂದರ್ಥ. ಟೆಸ್ಟ್ ಮಾಡುವವರು ಅಪ್ಪನ ಮುಖ ನೋಡಿದರು. ಸಾಲಿನಲ್ಲಿದ್ದವರೂ ನೋಡಿದರು. ಅಪ್ಪ ತಮ್ಮ ಸ್ವಂತ ಅಣ್ಣನ ಕ್ಯಾನ್ ವಾಪಸ್ ಕೊಟ್ಟರು. ಪುಸ್ತಕದಲ್ಲಿ ಆ ದಿನ ದೊಡ್ಡಪ್ಪನ ಹೆಸರಿನ ಮುಂದೆ ಒಂದು ಅಡ್ಡಗೆರೆ. ದೊಡ್ಡಪ್ಪ ನಾಲ್ಕು ತಿಂಗಳು ನಮ್ಮ ಮನೆಗೆ ಕಾಲಿಡಲಿಲ್ಲ. ಅಮ್ಮನಿಗೆ ಇದರಿಂದ ಬಹಳ ನೋವಾಯಿತು. ಆದರೆ ಊರಲ್ಲಿ ಡೈರಿಯ ಲೆಕ್ಕವನ್ನು ಅನುಮಾನಿಸಿ ಯಾರೂ ಮಾತಾಡಿದ್ದು ನನಗೆ ಗೊತ್ತಿಲ್ಲ. ಆ ಪುಸ್ತಕದಲ್ಲಿದ್ದ ಸಾವಿರಾರು ಸಂಖ್ಯೆಗಳನ್ನು ಜನ ನಂಬಿದ್ದು ಆ ಒಂದು ಅಡ್ಡಗೆರೆಯಿಂದ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಾಗಾಗಿ ಯಾವ ಕಂಟ್ರೋಲ್ ಪರೀಕ್ಷಿಸಿದರೂ ನಾನು ಮೊದಲು ಹುಡುಕುವುದು ಅಡ್ಡಗೆರೆಯನ್ನು. ಯಾವತ್ತಾದರೂ ಬೇಡ ಅಂದಿದ್ದೀರಾ? ಅಂದಿದ್ದರೆ ಆಮೇಲೆ ಏನಾಯಿತು?

ವರ್ಲ್ಡ್‌ಕಾಮ್ ಕಥೆ ನೆನಪಾಗುವುದು ಇಲ್ಲೇ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಿಂಟನ್ ಎಂಬ ಊರಿನಲ್ಲಿದ್ದ ದೊಡ್ಡ ಟೆಲಿಫೋನ್ ಕಂಪನಿ. ಬೇರೆ ಕಂಪನಿಗಳ ಲೈನ್ ಬಳಸಿದ್ದಕ್ಕೆ ಅದು ಬಾಡಿಗೆ ಕೊಡಬೇಕಿತ್ತು. ಅದು ಆಯಾ ತಿಂಗಳ ಖರ್ಚು, ನಮ್ಮ ಮನೆಯ ಕರೆಂಟ್ ಬಿಲ್ ಇದ್ದ ಹಾಗೆ. ಲಾಭ ಕಡಿಮೆ ಕಾಣುತ್ತದೆ ಎಂದು ಆ ಖರ್ಚನ್ನು ಆಸ್ತಿ ಎಂದು ಬರೆದರು. ಆಸ್ತಿ ಎಂದು ಬರೆದರೆ ಪೂರ್ತಿ ಮೊತ್ತ ಈ ವರ್ಷದ ಲಾಭದಿಂದ ಕಳೆಯುವುದಿಲ್ಲ, ಎಷ್ಟೋ ವರ್ಷಗಳಿಗೆ ಹಂಚಿಹೋಗುತ್ತದೆ. ಇದಕ್ಕೆ ಬೇಕಾಗಿದ್ದು ಯಂತ್ರವಲ್ಲ, ನಕಲಿ ನೋಟಲ್ಲ. ಕೆಲವು ಜರ್ನಲ್ ಎಂಟ್ರಿಗಳು ಮಾತ್ರ. ಮೇಲಿನವರು ಹೇಳಿದರು, ಕೆಳಗಿನವರು ಹಾಕಿದರು.

ಅಲ್ಲಿ ಒಳ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್. 2002ರಲ್ಲಿ ಅವರ ತಂಡಕ್ಕೆ ಆಧಾರವೇ ಇಲ್ಲದ ಎಂಟ್ರಿಗಳು ಸಿಗತೊಡಗಿದವು. ಮೇಲಿನವರಿಗೆ ಗೊತ್ತಾಗಬಾರದೆಂದು ತಂಡ ರಾತ್ರಿ ಹೊತ್ತು ಕೂತು ಹುಡುಕಿತು. ಹಣಕಾಸು ಮುಖ್ಯಸ್ಥ ಸ್ಕಾಟ್ ಸಲಿವನ್, ಈ ಪರಿಶೀಲನೆಯನ್ನು ಸ್ವಲ್ಪ ಮುಂದಕ್ಕೆ ಹಾಕಿ ಎಂದು ಕೇಳಿದರು. ಕೂಪರ್ ಹಾಕಲಿಲ್ಲ. ನೇರವಾಗಿ ಆಡಿಟ್ ಕಮಿಟಿಗೆ, ಅಂದರೆ ಲೆಕ್ಕಪರಿಶೋಧನೆ ನೋಡಿಕೊಳ್ಳುವ ನಿರ್ದೇಶಕರ ಸಮಿತಿಗೆ, ಹೋದರು. ಆ ವರ್ಷದ ಜೂನ್ 25ರಂದು ಕಂಪನಿ 380 ಕೋಟಿ ಡಾಲರಿನ ತಪ್ಪು ಲೆಕ್ಕವನ್ನು ಒಪ್ಪಿಕೊಂಡಿತು. ತನಿಖೆ ಮುಗಿಯುವ ಹೊತ್ತಿಗೆ ಆ ಮೊತ್ತ ಇನ್ನೂ ಬಹಳ ಮೇಲೆ ಹೋಯಿತು. ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರ ಹಿಂದಿನ ಡಿಸೆಂಬರ್‌ನಲ್ಲಿ ಲೆಕ್ಕದ ಮೋಸದಿಂದಲೇ ಎನ್ರಾನ್ ಎಂಬ ಇನ್ನೊಂದು ದೊಡ್ಡ ಅಮೆರಿಕನ್ ಕಂಪನಿ ಬಿದ್ದಿತ್ತು. ಜುಲೈ 30ಕ್ಕೆ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ ಬಂತು. ಒಳಗಿನ ನಿಯಂತ್ರಣಗಳ ಬಗ್ಗೆ ವರದಿ ಕೇಳುವ ಅದರ 404ನೇ ಸೆಕ್ಷನ್‌ನ ಹಾದಿಯಲ್ಲೇ ಮುಂದೆ ನಮ್ಮ ಕಾಯ್ದೆಯೂ ಬಂದಿದ್ದು.

ಎಲ್ಲರೂ ಕೂಪರ್ ಬಗ್ಗೆ ಬರೆಯುತ್ತಾರೆ, ಬರೆಯಬೇಕು ಕೂಡ. ನನ್ನನ್ನು ಕಾಡುವುದು ಮಾತ್ರ ಬೆಟ್ಟಿ ವಿನ್ಸನ್. ಆ ಎಂಟ್ರಿಗಳನ್ನು ಹಾಕಿದ ಮಧ್ಯಮ ಮಟ್ಟದ ಅಕೌಂಟೆಂಟ್. ತಪ್ಪೆಂದು ಅವರಿಗೆ ಗೊತ್ತಿತ್ತು. ಕೆಲಸ ಬಿಡಬೇಕೆಂದೂ ಯೋಚಿಸಿದರು. ಮನೆ ನಡೆಯುತ್ತಿದ್ದುದು ಹೆಚ್ಚಾಗಿ ಅವರ ಸಂಬಳದಲ್ಲಿ. ಇದೊಂದು ಸಲ ಎಂದು ಹಾಕಿದರು, ಮುಂದಿನ ಕ್ವಾರ್ಟರ್‌ನಲ್ಲಿ ಮತ್ತೆ ಹಾಕಿದರು. ತಪ್ಪೊಪ್ಪಿಕೊಂಡ ಅವರಿಗೆ 2005ರಲ್ಲಿ ಐದು ತಿಂಗಳ ಜೈಲಾಯಿತು. ಮ್ಯಾನೇಜರ್‌ಗಳ ಕ್ಯಾಬಿನ್‌ಗೆ ಹೋದಾಗಲೆಲ್ಲ ಹೊರಗೆ ಕಂಪ್ಯೂಟರ್ ಮುಂದೆ ಕೂತ ಹುಡುಗಿಯರನ್ನು ನೋಡುತ್ತೇನೆ. ಮೇಲಿನವರು ಇದನ್ನು ಹಾಕು ಎಂದರೆ, ಆಗಲ್ಲ ಸರ್ ಎನ್ನಲು ಈ ಹುಡುಗಿಗೆ ಈ ಕಂಪನಿಯಲ್ಲಿ ದಾರಿ ಇದೆಯಾ? ಯಾರಿಗೆ ಫೋನ್ ಮಾಡಬಹುದು? ಮಾಡಿದ ಮೇಲೂ ಕೆಲಸ ಉಳಿಯುತ್ತದಾ? ನಮ್ಮ ಚೆಕ್‌ಲಿಸ್ಟ್‌ನಲ್ಲಿ ಇದು ಕಂಟ್ರೋಲ್ ಎನ್ವಿರಾನ್‌ಮೆಂಟ್ ಎಂಬ ತಲೆಬರಹದ ಕೆಳಗೆ ಬರುತ್ತದೆ. ಅಲ್ಲಿ ನೀತಿ ಸಂಹಿತೆಯ ಪ್ರತಿ ಲಗತ್ತಿಸಿ ಮುಂದೆ ಹೋಗುವುದೇ ರೂಢಿ. ನನಗೆ ಅದು ಸಾಲದು ಅನ್ನಿಸುತ್ತದೆ. ಆ ಹುಡುಗಿಯರ ಜೊತೆ ಹತ್ತು ನಿಮಿಷ ಕೂತು ಮಾತಾಡಿದರೆ ತಿಳಿಯುವಷ್ಟು ಆ ಲಗತ್ತಿನಿಂದ ತಿಳಿಯುವುದಿಲ್ಲ.

ನಮ್ಮ ದೇಶದ ಕಥೆಗೆ ಬರುತ್ತೇನೆ. 2009ರ ಜನವರಿ 7. ನಮ್ಮ ವೃತ್ತಿಯಲ್ಲಿರುವ ಯಾರೂ ಮರೆಯದ ದಿನ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕರಿಗೆ ಪತ್ರ ಬರೆದರು. 2008ರ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ ಎಂದು ತೋರಿಸಿದ್ದು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಆ ಹಣಕ್ಕೆ 376 ಕೋಟಿ ಬಡ್ಡಿಯೂ ಬರಬೇಕಿದೆ ಎಂದು ಬರೆದಿದ್ದರು. ಆ ಕ್ವಾರ್ಟರ್‌ನ ಕಾರ್ಯನಿರ್ವಹಣಾ ಲಾಭ 649 ಕೋಟಿ ಎಂದು ತೋರಿಸಿದ್ದರು. ನಿಜವಾಗಿ ಇದ್ದದ್ದು 61 ಕೋಟಿ.

ಈ ಕಂಪನಿ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಲಿಸ್ಟ್ ಆಗಿತ್ತು. ಅಂದರೆ ಸಾರ್ಬೇನ್ಸ್-ಆಕ್ಸ್ಲಿ ಇದಕ್ಕೂ ಅನ್ವಯ. ಒಳ ಲೆಕ್ಕಪರಿಶೋಧನೆಯ ವಿಭಾಗ ಇತ್ತು, ಆಡಿಟ್ ಕಮಿಟಿ ಇತ್ತು, ಸ್ವತಂತ್ರ ನಿರ್ದೇಶಕರಿದ್ದರು. ಪತ್ರ ಹೊರಬೀಳುವ ಕೆಲವೇ ತಿಂಗಳ ಹಿಂದೆ ಒಳ್ಳೆಯ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. ಆಮೇಲೆ ಅದನ್ನು ವಾಪಸ್ ಪಡೆದರು.

ಬ್ಯಾಂಕಿನಲ್ಲಿ ದುಡ್ಡು ಇದೆಯಾ ಎಂದು ತಿಳಿಯುವುದು ಆಡಿಟ್‌ನ ಮೊದಲ ಪಾಠ. ಆಡಿಟರ್ ನೇರವಾಗಿ ಬ್ಯಾಂಕಿಗೆ ಪತ್ರ ಕಳಿಸಬೇಕು, ಉತ್ತರ ನೇರವಾಗಿ ಆಡಿಟರ್‌ಗೇ ಬರಬೇಕು. ಕಂಪನಿ ನಡುವೆ ಬರಬಾರದು. 2011ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಹೇಳಿದ ಪ್ರಕಾರ, ಇಲ್ಲಿ ಆ ಪತ್ರಗಳನ್ನು ಆಡಿಟರ್‌ಗಳು ಕಂಪನಿಯ ಕೈಗೇ ಕೊಟ್ಟಿದ್ದರು. ಉತ್ತರವೂ ಕಂಪನಿಯ ಮೂಲಕವೇ ಬರುತ್ತಿತ್ತು. ಬ್ಯಾಂಕಿನ ಲೆಟರ್‌ಹೆಡ್, ಸೀಲು, ಸಹಿ ಎಲ್ಲ ಇದ್ದ ಕಾಗದ ಫೈಲಿನಲ್ಲಿತ್ತು. ಬ್ಯಾಂಕು ಮಾತ್ರ ಆ ಕಾಗದವನ್ನು ಕೊಟ್ಟಿರಲಿಲ್ಲ. ಇಲ್ಲದ ಗ್ರಾಹಕರ ಕೆಲಸಕ್ಕೆ 6,000ಕ್ಕೂ ಹೆಚ್ಚು ಸುಳ್ಳು ಬಿಲ್‌ಗಳೂ ತಯಾರಾಗಿದ್ದವು ಎಂದು ಆ ನಿಯಂತ್ರಕರೇ ಹೇಳಿದರು. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದ ಹತ್ತು ಜನರಲ್ಲಿ ಒಳ ಲೆಕ್ಕಪರಿಶೋಧನೆಯ ಮುಖ್ಯಸ್ಥರಾಗಿದ್ದವರೂ ಇದ್ದರು.

ಆ ಜನವರಿಯಲ್ಲಿ ನಾನು ಆರ್ಟಿಕಲ್ಸ್ ಮಾಡುತ್ತಿದ್ದೆ. ಬ್ಯಾಂಕಿನ ಪತ್ರ ತರುವ ಕೆಲಸ ನನ್ನ ಪಾಲಿಗೆ ಬೀಳುತ್ತಿತ್ತು. ಕಂಪನಿಯ ಅಕೌಂಟೆಂಟ್‌ಗೆ, ಸರ್, ಬ್ಯಾಂಕಿನಿಂದ ಒಂದು ಕಾಗದ ತರಿಸಿಕೊಡಿ ಎಂದು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಬಿಸಿಲಲ್ಲಿ ನಾನು ಹೋಗುವುದು ತಪ್ಪುತ್ತಿತ್ತು. ಅವರೂ ಸಂತೋಷದಿಂದ ತರಿಸಿಕೊಡುತ್ತಿದ್ದರು. ಸತ್ಯಂ ಸುದ್ದಿ ಓದಿದ ದಿನ ಹಳೆಯ ಫೈಲ್‌ಗಳನ್ನು ತೆಗೆದು ಕೂತೆ. ನನ್ನ ಕೈಗೆ ನೇರವಾಗಿ ಬಂದ ಪತ್ರ ಯಾವುದು, ಕಂಪನಿಯ ಕೈದಾಟಿ ಬಂದದ್ದು ಯಾವುದು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಎಲ್ಲ ಕಾಗದವೂ ಒಂದೇ ಥರ ಕಾಣುತ್ತಿತ್ತು. ಅವತ್ತಿನಿಂದ ಕಾಗದದಲ್ಲಿ ಏನಿದೆ ಎಂಬುದಕ್ಕಿಂತ ಮೊದಲು ಅದು ಯಾವ ದಾರಿಯಿಂದ ಬಂತು ಎಂದು ಬರೆದಿಡುತ್ತೇನೆ.

ಕಂಟ್ರೋಲನ್ನು ರೂಪಿಸಿದ್ದೇ ತಪ್ಪಾದರೆ ಎಷ್ಟು ಸಹಿ ಇದ್ದರೂ ವ್ಯರ್ಥ. 2018ರ ಫೆಬ್ರುವರಿಯಲ್ಲಿ ಹೊರಬಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣದಲ್ಲಿ ಆದದ್ದು ಅದು. ಮುಂಬೈಯ ಬ್ರ್ಯಾಡಿ ಹೌಸ್ ಶಾಖೆಯಿಂದ ಸ್ವಿಫ್ಟ್ ಎಂಬ, ಬ್ಯಾಂಕುಗಳು ಪರಸ್ಪರ ಸಂದೇಶ ಕಳಿಸುವ ಜಾಲದಲ್ಲಿ ಬೇರೆ ಬ್ಯಾಂಕುಗಳಿಗೆ ಖಾತರಿ ಸಂದೇಶಗಳು ಹೋಗುತ್ತಿದ್ದವು. ಆ ಜಾಲಕ್ಕೂ ಬ್ಯಾಂಕಿನ ಲೆಕ್ಕದ ಸಾಫ್ಟ್‌ವೇರಿಗೂ ಕೊಂಡಿಯೇ ಇರಲಿಲ್ಲ. ಸಂದೇಶ ಹೋದರೂ ಪುಸ್ತಕದಲ್ಲಿ ಏನೂ ಬರುತ್ತಿರಲಿಲ್ಲ. ಮೊದಲು ಹೇಳಿದ ಮೊತ್ತವೇ 11,000 ಕೋಟಿ ದಾಟಿತ್ತು. ಸಂಜೆ ಹೊತ್ತು ಇವತ್ತು ಹೋದ ಸಂದೇಶ ಇಷ್ಟು, ಪುಸ್ತಕದಲ್ಲಿ ಬರೆದದ್ದು ಇಷ್ಟು ಎಂದು ತಾಳೆ ನೋಡಿದ್ದರೆ ಸಿಗುತ್ತಿತ್ತು. ನಮ್ಮ ಡೈರಿಯಲ್ಲಿ ಎರಡು ಪುಸ್ತಕ ಇದ್ದದ್ದು ಇದಕ್ಕೇ ಅಲ್ವಾ. ಎರಡನ್ನೂ ಜೋಡಿಸಿ ಎಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿದ್ದು ಹಗರಣ ಹೊರಬಿದ್ದ ಮೇಲೆ.

ಇನ್ನು ಆ 138 ಎಂಟ್ರಿಗಳ ವಿಷಯ.

ನಾನು ಬರೆದದ್ದನ್ನು ಓದಿ ಕಂಪನಿಯ ಸಿಎಫ್‌ಓ, ಅಂದರೆ ಹಣಕಾಸು ಮುಖ್ಯಸ್ಥರು, ಕೇಳಿದರು. "ತಪ್ಪೇ ಆಗಿಲ್ಲವಲ್ಲ ಮೇಡಂ, ಮತ್ತೆ ಇದು ಕೊರತೆ ಹೇಗಾಗುತ್ತದೆ?" ಈ ಪ್ರಶ್ನೆ ನಮಗೆ ಪ್ರತಿ ವರ್ಷ ಎದುರಾಗುತ್ತದೆ. ಕೇಳುವವರದ್ದು ತಪ್ಪಲ್ಲ, ಲೆಕ್ಕದ ಆಡಿಟ್‌ಗೆ ಒಗ್ಗಿದವರಿಗೆ ಇದು ನಿಜಕ್ಕೂ ವಿಚಿತ್ರ ಅನ್ನಿಸುತ್ತದೆ. ಆದರೆ ಇಲ್ಲಿ ಕೇಳಬೇಕಾದ್ದು ತಪ್ಪು ಆಯಿತಾ ಎಂದಲ್ಲ. ತಪ್ಪು ಆಗಿದ್ದರೆ ಇದು ಹಿಡಿಯುತ್ತಿತ್ತಾ, ಹಿಡಿಯದಿದ್ದರೆ ಅದು ಎಷ್ಟು ದೊಡ್ಡದಾಗಬಹುದಿತ್ತು ಎಂದು. ಮನೆಯ ಚಿಲಕ ಮುರಿದಿದೆ. ಇನ್ನೂ ಕಳ್ಳ ಬಂದಿಲ್ಲ. ಹಾಗಂತ ಚಿಲಕ ಸರಿ ಇದೆ ಎನ್ನುವ ಹಾಗಿಲ್ಲ.

ಕೊರತೆಗಳಲ್ಲೂ ಮೆಟ್ಟಿಲುಗಳಿವೆ. ಷೇರುದಾರರ ನಿರ್ಧಾರವನ್ನೇ ಬದಲಿಸುವಷ್ಟು ದೊಡ್ಡ ತಪ್ಪು ನುಸುಳಿ, ಸಕಾಲದಲ್ಲಿ ಸಿಗದೇ ಹೋಗುವ ಸಾಧ್ಯತೆ ಇದ್ದರೆ ಅದು ಮೆಟೀರಿಯಲ್ ವೀಕ್‌ನೆಸ್. ವರ್ಷದ ಕೊನೆಯಲ್ಲೂ ಅದು ಹಾಗೇ ಉಳಿದರೆ ನಮ್ಮ ವರದಿಯಲ್ಲಿ ಬರೆಯಲೇಬೇಕು, ಎಲ್ಲ ಷೇರುದಾರರೂ ಓದುತ್ತಾರೆ. ಅದಕ್ಕಿಂತ ಚಿಕ್ಕದಾದರೆ ಆಡಿಟ್ ಕಮಿಟಿಗೆ ತಿಳಿಸುತ್ತೇವೆ. ನಡುವಿನ ಗೆರೆ ಎಲ್ಲಿದೆ ಎಂದು ಯಾವ ಪುಸ್ತಕವೂ ರೂಪಾಯಿ ಲೆಕ್ಕದಲ್ಲಿ ಹೇಳಿಕೊಡುವುದಿಲ್ಲ. ಇದೇ ತಪ್ಪನ್ನು ಹಿಡಿಯುವ ಬೇರೆ ಕಂಟ್ರೋಲ್ ಇದೆಯಾ ಎಂದು ಹುಡುಕುತ್ತೇವೆ. ಈ ಕಂಪನಿಯಲ್ಲಿ ದೊಡ್ಡ ಮೊತ್ತದ ಎಂಟ್ರಿಗಳನ್ನು ಸಿಎಫ್‌ಓ ಪ್ರತ್ಯೇಕವಾಗಿ ನೋಡುತ್ತಿದ್ದರು. ಬರೀ ನೋಡುತ್ತಿದ್ದರಾ? ಅವರಿಗೂ ಅದೇ ಪ್ರಶ್ನೆ ಹಾಕಿದೆ. ಅವರು ಜುಲೈ ತಿಂಗಳ ಒಂದು ಮೇಲ್ ತೆಗೆದು ತೋರಿಸಿದರು. ಉಗ್ರಾಣದ ಸರಕಿನ ಬೆಲೆ ಬದಲಿಸಿದ ಎಂಟ್ರಿ. ಲೆಕ್ಕ ಹಾಕಿದ ಹಾಳೆ ಕಳಿಸಿ, ಅಲ್ಲಿವರೆಗೆ ಒಪ್ಪಲ್ಲ ಎಂದು ವಾಪಸ್ ಕಳಿಸಿದ್ದರು. ಮೂರು ದಿನ ಕ್ಲೋಸಿಂಗ್ ನಿಂತಿತ್ತು. ಕೊನೆಗೆ ಮೊತ್ತವನ್ನೂ ತಿದ್ದಿದ್ದರು. ಆ ಮೇಲ್ ಓದುವಾಗ ನನಗೆ ಡೈರಿಯ ಪುಸ್ತಕ ಕಣ್ಣ ಮುಂದೆ ಬಂತು.

ಆ ಮೇಲ್ ಇದ್ದುದರಿಂದ, ಉಳಿದ ದೊಡ್ಡ ಎಂಟ್ರಿಗಳನ್ನೂ ಅವರು ಹಾಗೇ ನೋಡಿದ್ದು ಪರೀಕ್ಷೆಯಲ್ಲಿ ಗೊತ್ತಾದ್ದರಿಂದ, ಇದು ಕೆಳಗಿನ ಮೆಟ್ಟಿಲಲ್ಲೇ ನಿಂತಿತು. ಆಡಿಟ್ ಕಮಿಟಿಗೆ ಹೇಳಿದೆವು. ನಮ್ಮ ಅಭಿಪ್ರಾಯ ಮಾರ್ಚ್ 31ರ ದಿನಕ್ಕೆ ಇರುವ ಸ್ಥಿತಿಯ ಬಗ್ಗೆ. ಹಾಗಾಗಿ ಅಷ್ಟರಲ್ಲಿ ಸರಿಪಡಿಸಲು ಅವಕಾಶ ಇರುತ್ತದೆ. ಆದರೆ ಮಾರ್ಚ್ 30ಕ್ಕೆ ಸರಿ ಮಾಡಿದೆವು ಎಂದರೆ ಆಗುವುದಿಲ್ಲ. ಹೊಸ ಕಂಟ್ರೋಲ್ ಸ್ವಲ್ಪ ಕಾಲ ನಡೆದಿರಬೇಕು, ನಾವು ಅದನ್ನು ಮತ್ತೆ ಪರೀಕ್ಷಿಸಬೇಕು.

ಡಿಸೆಂಬರ್‌ನಲ್ಲಿ ಕಂಪನಿ ಎರಡು ಬದಲಾವಣೆ ಮಾಡಿತು. ಪ್ರತಿ ತಿಂಗಳೂ ಒಂದೇ ಥರ ಬರುವ ಎಂಟ್ರಿಗಳನ್ನು ಸಿಸ್ಟಮ್‌ಗೆ ಬಿಟ್ಟಿತು. ಕೈಯಿಂದ ಹಾಕುವ ಎಂಟ್ರಿ 40ರ ಆಸುಪಾಸಿಗೆ ಇಳಿಯಿತು. ಬಿಲ್ ಅಥವಾ ಲೆಕ್ಕದ ಹಾಳೆ ಲಗತ್ತಿಸದಿದ್ದರೆ ಎಂಟ್ರಿ ಮುಂದೆ ಹೋಗದಂತೆ ಮಾಡಿತು. ಇದು ಚೆನ್ನಾಗಿತ್ತು. ಮ್ಯಾನೇಜರ್‌ಗೆ, ಇನ್ನು ಮೇಲೆ ಸರಿಯಾಗಿ ನೋಡಿ ಎಂದು ಒಂದು ಮೇಲ್ ಕಳಿಸಿ ಸುಮ್ಮನಾಗಲಿಲ್ಲ. ನೋಡಲು ಟೈಮ್ ಇಲ್ಲ ಎಂದು ಅವರು ಹೇಳಿದ್ದು ನಿಜವಾಗಿತ್ತು. ಆ ಟೈಮ್ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದರು.

ಷೇರು ಕೊಳ್ಳುವವರಿಗೆ ಇದರಲ್ಲಿ ಯಾವುದೂ ಕಾಣುವುದಿಲ್ಲ. ವಾರ್ಷಿಕ ವರದಿಯಲ್ಲಿ ಆಡಿಟರ್ ವರದಿಯ ಜೊತೆ ಒಂದು ಅನುಬಂಧ ಇರುತ್ತದೆ, ಆಂತರಿಕ ಹಣಕಾಸು ನಿಯಂತ್ರಣಗಳ ಬಗ್ಗೆ. ಎರಡು ಪುಟ, ಬಹುಪಾಲು ಎಲ್ಲ ಕಂಪನಿಗಳಲ್ಲೂ ಒಂದೇ ಮಾತು. ದಯವಿಟ್ಟು ಅದರ ಕೊನೆಯ ಪ್ಯಾರಾ ಓದಿ. ಅಲ್ಲಿ ಮಾಮೂಲಿ ಮಾತು ಬಿಟ್ಟು ಇನ್ನೊಂದು ಸಾಲು ಇದ್ದರೆ ನಿಂತು ಓದಿ. ಆ ಸಾಲನ್ನು ಉಳಿಸಿಕೊಳ್ಳಲು ಯಾರೋ ಒಬ್ಬರು ತಿಂಗಳುಗಟ್ಟಲೆ ಜಗ್ಗಾಡಿರುತ್ತಾರೆ.

ಮಾರ್ಚ್ ಮೂರನೇ ವಾರ ಮತ್ತೆ ಆ ಕಾರ್ಖಾನೆಗೆ ಹೋದೆ. ಮೂರು ತಿಂಗಳ ಎಂಟ್ರಿಗಳಿಂದ ಸ್ಯಾಂಪಲ್ ತೆಗೆದೆವು. ಸಮಯ ನೋಡಿದೆವು. ಕೆಲವಕ್ಕೆ ಎರಡು ನಿಮಿಷ, ಒಂದಕ್ಕೆ ಇಡೀ ಮಧ್ಯಾಹ್ನ. ನಾನು ಕೇಳುವ ಮೊದಲೇ ಮ್ಯಾನೇಜರ್ ಒಂದು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು. ಫೆಬ್ರುವರಿ 4ರ ಎಂಟ್ರಿ, ಸಾಗಣೆ ಖರ್ಚಿನದ್ದು. ಕೆಳಗೆ ಕೆಂಪು ಅಕ್ಷರದಲ್ಲಿ ಸಿಸ್ಟಮ್ ತೋರಿಸುವ ಹಾಗೆ, ವಾಪಸ್ ಎಂದಿತ್ತು. ಕಾರಣದ ಜಾಗದಲ್ಲಿ ಅವರು ಬರೆದಿದ್ದರು: ಬಿಲ್ ಜನವರಿಯದ್ದಲ್ಲ, ಡಿಸೆಂಬರ್‌ದು. ಯಾಕೆ ಈ ತಿಂಗಳಲ್ಲಿ ಬಂದಿದೆ?

ನಮ್ಮ ಹುಡುಗ ಅದರ ಒಂದು ಪ್ರತಿ ತೆಗೆದು ಫೈಲಿಗೆ ಸೇರಿಸಿದ. ಈ ಸಲ ಟಿಕ್ ಹಾಕುವ ಮೊದಲು ಆ ಡಿಸೆಂಬರ್ ಬಿಲ್ ಕೂಡ ಕೇಳಿ ತರಿಸಿಕೊಂಡ.